ಮೊಡವೆ ಮಾತ್ರೆ ಮಿದುಳಿಗೂ ಆಗುತ್ತಾ?

ಪ್ರಶ್ನೆ: ಮೇಡಂ, ನಾವು ತಿಪಟೂರಿನವರು. ನನ್ನ ತಮ್ಮನಿಗೆ 32 ವರ್ಷ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಎಂಟು ತಿಂಗಳ ಹಿಂದೆ ರಾತ್ರಿ ಬೈಕಿನಲ್ಲಿ ಬರುವಾಗ ನಾಯಿ ಅಡ್ಡ ಬಂದು ಬಿದ್ದ. ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಎರಡು ವಾರ ಐಸಿಯುನಲ್ಲಿದ್ದ. ಆಪರೇಷನ್ ಬೇಕಾಗಲಿಲ್ಲ. ಈಗ ಓಡಾಡುತ್ತಾನೆ, ಸ್ನಾನ, ಊಟ ಎಲ್ಲ ತಾನೇ ಮಾಡಿಕೊಳ್ಳುತ್ತಾನೆ. ಆದರೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ. ಸಣ್ಣದಕ್ಕೂ ರೇಗುತ್ತಾನೆ, ಮೊನ್ನೆ ತಟ್ಟೆ ಎಸೆದ. ಎದ್ದು ನಿಂತರೆ ತಲೆ ಸುತ್ತುತ್ತೆ ಅಂತಾನೆ. ಫಿಟ್ಸ್ ಬರದಿರಲಿ ಅಂತ ಕೊಟ್ಟ ಲೆವೆಟಿರಾಸಿಟಾಮ್ ಇನ್ನೂ ನಡೀತಿದೆ. ಅಮೆರಿಕದ ಡೆಟ್ರಾಯಿಟ್ ಕಡೆ ಇರುವ ನಮ್ಮ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಕಳಿಸಿದ್ದಾನೆ. ಮಿನೋಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ತಲೆಗೆ ಪೆಟ್ಟು ಬಿದ್ದವರ ಮಿದುಳನ್ನು ಕಾಪಾಡುತ್ತಂತೆ. ಅದೇ ಮಾತ್ರೆಯನ್ನು ಚರ್ಮದ ಡಾಕ್ಟರ್ ನನ್ನ ಮಗಳಿಗೆ ಮೊಡವೆಗೆ ಅಂತ ಕೊಟ್ಟಿದ್ದರು. ಅರ್ಧ ಸ್ಟ್ರಿಪ್ ಬೀರುವಿನಲ್ಲೇ ಇದೆ. ತಮ್ಮನಿಗೆ ಕೊಟ್ಟು ನೋಡಬಹುದಾ?
– ಹೆಸರು ಬೇಡ, ತಿಪಟೂರು

ಉತ್ತರ: ಕೊಡಬೇಡಿ. ಕಾರಣ ಹೇಳೋದಕ್ಕೆ ಸ್ವಲ್ಪ ಜಾಗ ಬೇಕು. ಅಷ್ಟರಲ್ಲಿ ನೀವು ಆ ಸ್ಟ್ರಿಪ್‌ ಕೈಗೆತ್ತಿಕೊಳ್ಳೋದು ಬೇಡ ಅಂತ ಉತ್ತರ ಮೊದಲೇ ಬರೆದೆ.

ನಿಮ್ಮ ಚಿಕ್ಕಪ್ಪನ ಮಗ ಸುಳ್ಳು ಸುದ್ದಿ ಕಳಿಸಿಲ್ಲ. ತಲೆಪೆಟ್ಟಿನ ಮನೆಯವರು ನನಗೆ ಮೊಬೈಲಿನಲ್ಲಿ ತೋರಿಸುವ ಸಂದೇಶಗಳಲ್ಲಿ ಹೆಚ್ಚಿನವು ಯಾವುದೋ ಎಣ್ಣೆ, ಯಾವುದೋ ಎಲೆಯ ರಸದವು. ಇದು ಆ ಜಾತಿಯದಲ್ಲ. ಮಿನೋಸೈಕ್ಲಿನ್ ಬಗ್ಗೆ ಒಳ್ಳೊಳ್ಳೆ ಲ್ಯಾಬುಗಳಲ್ಲಿ 25 ವರ್ಷಕ್ಕೂ ಜಾಸ್ತಿ ಕೆಲಸ ನಡೆದಿದೆ. ಸುದ್ದಿಯಲ್ಲಿ ಅರ್ಧ ಕಥೆ ಮಾತ್ರ ಬಂದಿದೆ, ಅಷ್ಟೆ.

ತಲೆಗೆ ಪೆಟ್ಟು ಬಿದ್ದಾಗ ಹಾನಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ರಸ್ತೆಗೆ ತಲೆ ಬಡಿದ ಆ ಕ್ಷಣದಲ್ಲಿ ನರತಂತುಗಳು ಜಗ್ಗಿ ಹರಿಯುತ್ತವೆ, ರಕ್ತನಾಳ ಒಡೆಯುತ್ತದೆ. ಅದನ್ನು ಯಾವ ಔಷಧಿಯೂ ವಾಪಸ್ ತರಲಾರದು. ಆಮೇಲೆ ಶುರುವಾಗುವುದು ಎರಡನೇ ಹಾನಿ. ಮಿದುಳು ಊದಿಕೊಳ್ಳುತ್ತದೆ. ರಕ್ತದಿಂದ ಬೇಡದ್ದು ಒಳಗೆ ನುಗ್ಗದಂತೆ ತಡೆಯುವ ಪದರ ಸೋರತೊಡಗುತ್ತದೆ. ಮೈಕ್ರೋಗ್ಲಿಯಾ ಅಂತ ಮಿದುಳಿನ ಸ್ವಂತ ಕಾವಲು ಕೋಶಗಳಿವೆ. ಅವು ಕೆರಳಿ ಉರಿಯೂತದ ರಾಸಾಯನಿಕಗಳನ್ನು ಉಗುಳುತ್ತವೆ. ಪೆಟ್ಟು ತಾಗದೆ ಉಳಿದಿದ್ದ ಕೋಶಗಳೂ ಇದರಲ್ಲಿ ಸಾಯುತ್ತವೆ. ಇದು ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ. ವಿಜ್ಞಾನಿಗಳ ಆಸೆ ಎಲ್ಲ ಈ ಎರಡನೆಯದನ್ನು ತಡೆಯುವುದರ ಮೇಲೆ.

ಮಿನೋಸೈಕ್ಲಿನ್‌ಗೆ ಇಲ್ಲಿ ಕೆಲವು ಅನುಕೂಲಗಳಿವೆ. ಅದು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಮಿದುಳಿನೊಳಗೆ ಸಲೀಸಾಗಿ ಹೋಗುತ್ತದೆ. ಮೈಕ್ರೋಗ್ಲಿಯಾಗಳನ್ನು ತಣ್ಣಗಾಗಿಸುತ್ತದೆ. ಆ ತಡೆಪದರವನ್ನು ಕರಗಿಸುವ ಒಂದು ಕಿಣ್ವವನ್ನು ಅಡಗಿಸುತ್ತದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಗುಣಕ್ಕೂ ಇದಕ್ಕೂ ಸಂಬಂಧ ಇಲ್ಲ. 1998ರಲ್ಲಿ ಫಿನ್‌ಲ್ಯಾಂಡಿನ ತಂಡವೊಂದು ಜರ್ಬಿಲ್ ಅನ್ನೋ ಇಲಿಜಾತಿಯ ಪ್ರಾಣಿಗಳ ಮಿದುಳಿಗೆ ರಕ್ತ ನಿಲ್ಲಿಸಿ, ಈ ಔಷಧಿ ಕೊಟ್ಟಾಗ ಹೆಚ್ಚು ಕೋಶಗಳು ಉಳಿದದ್ದನ್ನು ತೋರಿಸಿತು. 2001ರಲ್ಲಿ ಅಮೆರಿಕದಲ್ಲಿ ತಲೆಗೆ ಪೆಟ್ಟು ಬಿದ್ದ ಇಲಿಗಳಲ್ಲೂ ಹಾನಿ ಕಡಿಮೆ ಆಯಿತು, ಅವುಗಳ ಓಡಾಟವೂ ಸುಧಾರಿಸಿತು. ಆಮೇಲೆ ಮನುಷ್ಯರು. ನಿಮ್ಮ ಚಿಕ್ಕಪ್ಪನ ಮಗ ಇರುವ ಡೆಟ್ರಾಯಿಟ್‌ನಲ್ಲೇ ಒಂದು ಸಣ್ಣ ಪರೀಕ್ಷೆ ನಡೆದು 2019ರಲ್ಲಿ ಪ್ರಕಟವಾಯಿತು. ಜೋರಾಗಿ ತಲೆಪೆಟ್ಟಾದ 15 ಜನರಿಗೆ, ಆಸ್ಪತ್ರೆಯಲ್ಲಿಟ್ಟುಕೊಂಡು, ಪೆಟ್ಟಾದ ಗಂಟೆಗಳೊಳಗೆ ಶುರು ಮಾಡಿ ಏಳು ದಿನ ಕೊಟ್ಟರು. ಔಷಧಿ ತಡೆದುಕೊಳ್ಳುತ್ತಾರೆ, ಲಿವರ್ ಕೆಡಲಿಲ್ಲ ಅನ್ನುವುದು ಗೊತ್ತಾಯಿತು. ವಾಸಿಯಾಗುತ್ತದಾ ಅನ್ನುವ ಪ್ರಶ್ನೆಗೆ ಅಷ್ಟು ಜನರಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಎಷ್ಟು ಡೋಸ್ ಕೊಟ್ಟರು ಅಂತ ನಾನು ಬೇಕಂತಲೇ ಬರೆಯುತ್ತಿಲ್ಲ. ಯಾಕೆ ಅಂತ ನಿಮಗೆ ಗೊತ್ತಲ್ವಾ?

ಈಗ ಸುದ್ದಿಯಲ್ಲಿ ಬರದ ಅರ್ಧ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದ್ದವರು ಥೇಟ್ ನಿಮ್ಮ ತಮ್ಮನಂಥವರು. ಪೆಟ್ಟು ಬಿದ್ದು ಆರು ತಿಂಗಳಾದರೂ ದಾಟಿತ್ತು. ಮನೆಗೆ ಹೋಗಿದ್ದರು, ಓಡಾಡುತ್ತಿದ್ದರು, ಆದರೆ ಮಿದುಳಿನಲ್ಲಿ ಉರಿಯೂತ ಇನ್ನೂ ಉಳಿದಿತ್ತು. ಈ ಉರಿಯೂತ ಪೆಟ್ಟಾಗಿ ಹದಿನೇಳು ವರ್ಷದ ನಂತರವೂ ಕಂಡದ್ದಿದೆ. ಅವರಲ್ಲಿ ಕೆಲವರಿಗೆ ಹನ್ನೆರಡು ವಾರ ಮಿನೋಸೈಕ್ಲಿನ್ ಕೊಟ್ಟರು. ಡೋಸ್ ಕೂಡ ಮೊಡವೆಗೆ ಕೊಡುವ ಆಸುಪಾಸಿನದೇ. ಉರಿಯೂತವನ್ನು ತೋರಿಸುವ ಪೆಟ್ (PET) ಸ್ಕ್ಯಾನ್ ಮಾಡಿದಾಗ ಅದು ನಿಜಕ್ಕೂ ಇಳಿದಿತ್ತು. ಆದರೆ ರಕ್ತದಲ್ಲಿ ನ್ಯೂರೋಫಿಲಮೆಂಟ್ ಅನ್ನುವ ಒಂದು ವಸ್ತು ಏರಿತ್ತು. ನರತಂತು ಸಾಯುವಾಗ ಅದರೊಳಗಿಂದ ರಕ್ತಕ್ಕೆ ಸೋರುವ ವಸ್ತು ಅದು. ಅಂದರೆ ಉರಿಯೂತ ಇಳಿದರೂ ನರಕೋಶಗಳ ಸಾವು ಜಾಸ್ತಿಯಾದಂತೆ ಕಂಡಿತು.

ಯಾಕೆ ಹೀಗೆ? ಪೌರಕಾರ್ಮಿಕರು ಗುಡಿಸುವಾಗ ಧೂಳೇಳುತ್ತದೆ ಅಂತ ಅವರನ್ನು ಮನೆಗೆ ಕಳಿಸಿದರೆ ಧೂಳು ಇರಲ್ಲ ನಿಜ, ಆದರೆ ಬೀದಿ ತುಂಬ ಕಸ ಕೊಳೆಯುತ್ತದೆ. ಮೈಕ್ರೋಗ್ಲಿಯಾಗಳು ಮೊದಲ ಗಂಟೆಗಳಲ್ಲಿ ಹಾವಳಿ ಮಾಡಬಹುದು. ತಿಂಗಳುಗಳ ನಂತರ ಅವೇ ಸತ್ತ ಕೋಶಗಳ ಚೂರು ಎತ್ತುವ, ರಿಪೇರಿ ಮಾಡುವ ಕೆಲಸದಲ್ಲಿರಬಹುದು ಅನ್ನುವುದು ಆ ತಂಡದ ಊಹೆ. ಹದಿನೈದು ಜನರ ಸಣ್ಣ ಪರೀಕ್ಷೆ, ಕೊನೆಯ ಮಾತೇನಲ್ಲ. ಆದರೂ ಎಂಟು ತಿಂಗಳಾದ ಮಿದುಳಿಗೆ ಬೀರುವಿನ ಮಾತ್ರೆ ಬೇಡ ಅನ್ನಲು ನನಗೆ ಅಷ್ಟು ಸಾಕು. ಇನ್ನೊಂದು ಹಳೇ ಪಾಠವೂ ಇದೆ. ಎಎಲ್‌ಎಸ್ ಅಂತ ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ. ಅದರ ಇಲಿಗಳಲ್ಲೂ ಮಿನೋಸೈಕ್ಲಿನ್ ಚೆನ್ನಾಗಿ ಕೆಲಸ ಮಾಡಿತ್ತು. 2007ರಲ್ಲಿ 412 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂದಾಗ, ಮಾತ್ರೆ ತಗೊಂಡವರು ಶೇಕಡಾ 25ರಷ್ಟು ಬೇಗ ಕುಸಿದಿದ್ದರು.

ನಿಮ್ಮ ತಮ್ಮನ ವಿಷಯದಲ್ಲಿ ಬೇರೆ ತೊಂದರೆಗಳೂ ಇವೆ. ಅವರಿಗೆ ಮೊದಲೇ ತಲೆಸುತ್ತು. ಮಿನೋಸೈಕ್ಲಿನ್‌ನ ಹೆಸರುವಾಸಿ ತೊಂದರೆಯೇ ತಲೆಸುತ್ತು. ಅಪರೂಪಕ್ಕೆ ಅದು ತಲೆಯೊಳಗಿನ ಒತ್ತಡ ಏರಿಸಿ ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತದೆ. ತಲೆಪೆಟ್ಟು ತಿಂದವರಿಗೆ ಹೀಗಾದರೆ ಯಾವುದರಿಂದ ತಲೆನೋವು, ಯಾವುದರಿಂದ ವಾಂತಿ ಅಂತ ಪತ್ತೆ ಮಾಡುವುದು ನಮಗೂ ಕಷ್ಟ. ಬಹಳ ದಿನ ತಗೊಂಡರೆ ಚರ್ಮದಲ್ಲಿ ನೀಲಿಗಪ್ಪು ಕಲೆ ಬರಬಹುದು, ಲಿವರ್ ಕೆಡಬಹುದು. ಆ ಅರ್ಧ ಸ್ಟ್ರಿಪ್ಪನ್ನು ಮಗಳಿಗೂ ನೀವೇ ಕೊಡಬೇಡಿ. ಈ ಜಾತಿಯ ಆ್ಯಂಟಿಬಯೋಟಿಕ್‌ಗಳು ಹಳತಾಗಿ ಕೆಟ್ಟಾಗ ಕಿಡ್ನಿಗೆ ತೊಂದರೆಯಾದದ್ದು 1960ರ ದಶಕದಲ್ಲೇ ವರದಿಯಾಗಿದೆ.

ಹಾಗಾದರೆ ಮಾಡುವುದೇನು? ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮಿನೋಸೈಕ್ಲಿನ್ ಮೇಲಲ್ಲ, ಲೆವೆಟಿರಾಸಿಟಾಮ್ ಮೇಲೆ. ಒಳ್ಳೆ ಔಷಧಿ, ನಾನೂ ದಿನಾ ಬರೆಯುತ್ತೇನೆ. ಆದರೆ ಕೆಲವರಿಗೆ ಅದು ವಿಪರೀತ ಸಿಟ್ಟು ತರಿಸುತ್ತದೆ. ಮನೆಯವರು ‘ಆ್ಯಕ್ಸಿಡೆಂಟ್ ಆದಮೇಲೆ ಸ್ವಭಾವವೇ ಬದಲಾಯ್ತು’ ಅಂತ ನೊಂದುಕೊಳ್ಳುತ್ತಿರುತ್ತಾರೆ, ಅದರಲ್ಲಿ ಅರ್ಧ ಪಾಲು ಮಾತ್ರೆಯದಾಗಿರುತ್ತದೆ. ತಲೆಪೆಟ್ಟಿನ ನಂತರ ಒಮ್ಮೆಯೂ ಫಿಟ್ಸ್ ಬರದವರಿಗೆ ಈ ರಕ್ಷಣೆ ಸಾಮಾನ್ಯವಾಗಿ ಮೊದಲ ಒಂದು ವಾರಕ್ಕೆ ಸಾಕು. ನಿಮ್ಮವರಿಗೆ ಫಿಟ್ಸ್ ಬಂದಿತ್ತಾ ಇಲ್ಲವಾ ನೀವು ಬರೆದಿಲ್ಲ. ಡಿಸ್ಚಾರ್ಜ್ ಚೀಟಿ ತಗೊಂಡು ನ್ಯೂರೋ ಡಾಕ್ಟರ ಹತ್ತಿರ ಹೋಗಿ, ‘ಇದು ಇನ್ನೂ ಬೇಕಾ, ಬೇರೆ ಹಾಕಬಹುದಾ’ ಅಂತ ಕೇಳಿ. ನೀವಾಗಿ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ನೆನಪಿನ ವಿಷಯ. ನಾನು ಒಪಿಡಿಯಲ್ಲಿ ಮೂರು ಪದ ಹೇಳುತ್ತೇನೆ. ಹುಣಸೆಹಣ್ಣು, ಕೊಡೆ, ಬಸ್ ನಿಲ್ದಾಣ. ಐದು ನಿಮಿಷ ಬೇರೆ ಏನೋ ಮಾತಾಡಿ ಮತ್ತೆ ಕೇಳುತ್ತೇನೆ. ಎಷ್ಟು ಹೇಳಿದರು ಅನ್ನುವುದಕ್ಕಿಂತ, ಹೇಳುವ ಮೊದಲು ಯಾರ ಮುಖ ನೋಡಿದರು ಅನ್ನುವುದನ್ನು ಗಮನಿಸುತ್ತೇನೆ. ಅಕ್ಕನ ಮುಖವನ್ನೋ ಹೆಂಡತಿ ಮುಖವನ್ನೋ ನೋಡಿದರೆ, ಮನೆಯಲ್ಲಿ ಎಲ್ಲ ಉತ್ತರ ಅವರೇ ಕೊಡುತ್ತಿದ್ದಾರೆ ಅಂತ ಅರ್ಥ. ಅಂಥವರಿಗೆ ನಾನು ಮೊದಲು ಬರೆಯುವುದು ಒಂದು ಲಾಂಗ್ ಬುಕ್. ಬೆಳಿಗ್ಗೆ ಏನು ಮಾಡಬೇಕು, ಯಾರಿಗೆ ಫೋನು, ಯಾವ ಮಾತ್ರೆ ಆಯ್ತು, ಎಲ್ಲ ಅವರೇ ಕೈಯಾರೆ ಬರೆಯಬೇಕು. ನಿಮ್ಮ ತಮ್ಮ ಲೆಕ್ಕ ಬರೆಯುತ್ತಿದ್ದವರು, ಅವರಿಗೆ ಇದು ಹೊಸದಲ್ಲ. ಮಂಡಿಯವರು ಒಪ್ಪಿದರೆ ದಿನಕ್ಕೆ ಒಂದು ಗಂಟೆ, ಬರೀ ಕೂಡುವ ಕೆಲಸಕ್ಕೆ ಕೂರಿಸಿ. ದುಡ್ಡಿನ ಜವಾಬ್ದಾರಿ ಸದ್ಯಕ್ಕೆ ಬೇಡ.

ಎದ್ದು ನಿಂತಾಗಿನ ತಲೆಸುತ್ತಿಗೆ ಮಲಗಿದಾಗ, ನಿಂತಾಗ ಎರಡೂ ಬಿಪಿ ನೋಡಿಸಿ. ಒಳಕಿವಿಯ ಹರಳು ಜಾರಿ ಬರುವ ತಲೆಸುತ್ತಾದರೆ ಮಾತ್ರೆ ಬೇಡ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿಯೇ ಸರಿ ಮಾಡುತ್ತಾರೆ. ವಿಪರೀತ ಸುಸ್ತು ಇದ್ದರೆ ಥೈರಾಯ್ಡ್, ಕಾರ್ಟಿಸಾಲ್ ರಕ್ತಪರೀಕ್ಷೆ ಕೇಳಿ. ಜೋರು ಪೆಟ್ಟಿನಲ್ಲಿ, ಮಿದುಳಿನ ಬುಡದಲ್ಲಿದ್ದು ಈ ಹಾರ್ಮೋನುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಗೂ ಹಾನಿಯಾಗುವುದಿದೆ, ಅದನ್ನು ಹುಡುಕುವುದು ಕಡಿಮೆ. ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗ ಇದೆ. ಎಂಟು ತಿಂಗಳಿಗೆ ಬಾಗಿಲು ಮುಚ್ಚುವುದಿಲ್ಲ. ಎರಡು ವರ್ಷದವರೆಗೂ ಸುಧಾರಿಸುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಕುಡಿಯುವ ಅಭ್ಯಾಸ ಇದ್ದರೆ ಮಾತ್ರ ಅದು ಪೂರ್ತಿ ಬಂದ್.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಬಿ.ಫಾರ್ಮಾ ಓದುತ್ತಿದ್ದೇನೆ. ಹಳೆಯ ಔಷಧಿಗಳನ್ನು ಹೊಸ ಕಾಯಿಲೆಗೆ ಬಳಸುವ ಬಗ್ಗೆ ಸೆಮಿನಾರ್ ಮಾಡಬೇಕು. ಮಿನೋಸೈಕ್ಲಿನ್ ಇಷ್ಟು ಅಗ್ಗ, ಇಷ್ಟು ಹಳೆಯದು. ನೇರವಾಗಿ ಬಳಸೋಕೆ ಏನು ಅಡ್ಡಿ? ಇಷ್ಟು ವರ್ಷ ಯಾಕೆ ಎಳೆಯಬೇಕು?
– ವಿದ್ಯಾರ್ಥಿ, ಬೆಳಗಾವಿ

ಉತ್ತರ: ಸೆಮಿನಾರಿಗೆ ಮೊದಲ ಸ್ಲೈಡ್ ನಾನೇ ಕೊಡುತ್ತೇನೆ. ಮಿನೋಸೈಕ್ಲಿನ್ ಸೇರಿರುವ ಟೆಟ್ರಾಸೈಕ್ಲಿನ್ ಕುಟುಂಬದ ಮೂಲ ಔಷಧಿ ಆರಿಯೋಮೈಸಿನ್. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಅಮೆರಿಕದ ಮಿಸೌರಿಯ ಹೊಲದ ಮಣ್ಣಿನಿಂದ ಬಂದ ಸೂಕ್ಷ್ಮಜೀವಿಯಲ್ಲಿ ಅದನ್ನು ಕಂಡುಹಿಡಿದರು. 1948ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು. ಆ ಕೆಲಸ ನಡೆದದ್ದು ಲೆಡರ್ಲಿ ಕಂಪನಿಯಲ್ಲಿ. ಆಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ಮಿನೋಸೈಕ್ಲಿನ್ ಕೂಡ ಅದೇ ಕಂಪನಿಯಲ್ಲಿ 1960ರ ದಶಕದಲ್ಲಿ ತಯಾರಾದದ್ದು. ನಿಮ್ಮ ಮೇಷ್ಟ್ರುಗಳಿಗೆ ನೆನಪಿರಬಹುದು, ಒಂದೇ ಮಚ್ಚೆ ಇರುವ ಕುಷ್ಠರೋಗಕ್ಕೆ ಒಂದೇ ಸಲ ಕೊಡುತ್ತಿದ್ದ ಮೂರು ಔಷಧಿಗಳಲ್ಲಿ ಇದೂ ಒಂದು.

ಇನ್ನು ಅಡ್ಡಿಯ ಮಾತು. ದುಡ್ಡು ಒಂದು ಅಡ್ಡಿ ನಿಜ. ಪೇಟೆಂಟ್ ಯಾವಾಗಲೋ ಮುಗಿದ ಮಾತ್ರೆಗೆ ಯಾವ ಕಂಪನಿ ಸಾವಿರಾರು ರೋಗಿಗಳ ಪರೀಕ್ಷೆಗೆ ಹಣ ಹಾಕುತ್ತದೆ? ಆದರೆ ನನ್ನ ಪ್ರಕಾರ ದೊಡ್ಡ ಅಡ್ಡಿ ಅದಲ್ಲ. ತಲೆಪೆಟ್ಟಿನ ಚಿಕಿತ್ಸೆ ತಿಂದ ಏಟು ಅಂಥದ್ದು. ಸ್ಟೀರಾಯ್ಡನ್ನೇ ತಗೊಳ್ಳಿ. ಊತ ಇಳಿಸುತ್ತದೆ, ಅಗ್ಗ, ಎಲ್ಲ ಆಸ್ಪತ್ರೆಯಲ್ಲೂ ಇದೆ. ದಶಕಗಳ ಕಾಲ ತಲೆಪೆಟ್ಟಿನವರಿಗೆ ಕೊಟ್ಟರು. ಕೊನೆಗೆ ಕ್ರ್ಯಾಶ್ ಅನ್ನುವ ಪರೀಕ್ಷೆಯಲ್ಲಿ 10,008 ರೋಗಿಗಳನ್ನು ಸೇರಿಸಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು. ಸ್ಟೀರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಸತ್ತವರು ನೂರಕ್ಕೆ 21, ಪಡೆಯದವರಲ್ಲಿ 18. ನೂರಕ್ಕೆ ಮೂರು ಅಂದರೆ ಸಣ್ಣದಾಗಿ ಕಾಣುತ್ತದೆ. ಒಂದು ಊರಿನ ಒಂದು ವಾರ್ಡಿನಲ್ಲಿ ಕೂತ ಡಾಕ್ಟರಿಗೆ ಅದು ಎಂದೂ ಗೊತ್ತಾಗುವುದೇ ಇಲ್ಲ. ಹತ್ತು ಸಾವಿರ ಜನರನ್ನು ಒಟ್ಟಿಗೆ ಇಟ್ಟಾಗ ಮಾತ್ರ ಕಾಣುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನಿನದೂ ಹೀಗೇ. ಇಲಿಗಳಲ್ಲಿ ಗೆದ್ದಿತು, ಸಣ್ಣ ಪರೀಕ್ಷೆಗಳಲ್ಲಿ ಗೆದ್ದಿತು. 2014ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂದಾಗ, ಎರಡರಲ್ಲೂ ಪ್ರಯೋಜನ ಸೊನ್ನೆ. ಇವನ್ನೆಲ್ಲ ನೋಡಿದ ಮೇಲೆ ‘ಇಲಿಗೆ ಒಳ್ಳೆಯದಾಯ್ತು’ ಅಂತ ಯಾರಾದರೂ ಬಂದರೆ ನಾನು ಕುರ್ಚಿ ಕೊಡುತ್ತೇನೆ, ಕಾಫಿ ಕೊಡುತ್ತೇನೆ, ಪ್ರಿಸ್ಕ್ರಿಪ್ಷನ್ ಕೊಡುವುದಿಲ್ಲ.

ಲ್ಯಾಬಿನ ಇಲಿಗಳೆಲ್ಲ ಒಂದೇ ವಯಸ್ಸಿನವು, ಪೆಟ್ಟೂ ಅಳತೆ ಮಾಡಿ ಕೊಟ್ಟದ್ದು, ಔಷಧಿಯೂ ಬೇಗ ಸಿಗುತ್ತದೆ. ನಮ್ಮ ರೋಗಿಗೆ 60 ವರ್ಷ, ಶುಗರ್ ಇದೆ, ಕುಡಿದಿದ್ದಾರೆ, ಪಕ್ಕೆಲುಬೂ ಮುರಿದಿದೆ, ಎರಡು ಆಸ್ಪತ್ರೆ ಸುತ್ತಿ ಐದು ಗಂಟೆ ತಡವಾಗಿ ಬಂದಿದ್ದಾರೆ. ಇದನ್ನೊಂದು ಸ್ಲೈಡಿಗೆ ಹಾಕಿ.

ಗೆದ್ದ ಉದಾಹರಣೆ ಬೇಕಾದರೆ ಅಮಾಂಟಡೀನ್ ಇದೆ. ಅದು ಮೊದಲು ಫ್ಲೂ ಜ್ವರದ ಔಷಧಿಯಾಗಿತ್ತು. 1968ರಲ್ಲಿ ಬಾಸ್ಟನ್‌ನ ಡಾಕ್ಟರ್ ರಾಬರ್ಟ್ ಶ್ವಾಬ್ ಅವರಿಗೆ ಪಾರ್ಕಿನ್ಸನ್ ಇದ್ದ ಒಬ್ಬ ಹೆಂಗಸು, ಫ್ಲೂ ಬರದಿರಲಿ ಅಂತ ಇದನ್ನು ತಗೊಂಡಷ್ಟು ದಿನ ತನ್ನ ನಡುಕ, ಬಿಗಿತ ಕಡಿಮೆಯಾಗಿತ್ತು ಅಂದರು. ಶ್ವಾಬ್ ಆ ಮಾತನ್ನು ತಳ್ಳಿಹಾಕಲಿಲ್ಲ, ಬೇರೆ ರೋಗಿಗಳಿಗೂ ಕೊಟ್ಟು ನೋಡಿದರು. ಅದು ಪಾರ್ಕಿನ್ಸನ್ ಔಷಧಿಯಾಯಿತು. ಆಮೇಲೆ 2012ರಲ್ಲಿ, ತಲೆಪೆಟ್ಟಾಗಿ ಪೂರ್ತಿ ಎಚ್ಚರಕ್ಕೆ ಬಾರದ 184 ಜನರಲ್ಲಿ ಚೇತರಿಕೆಯ ವೇಗ ಹೆಚ್ಚಿಸುತ್ತದೆ ಅಂತ ಸಾಬೀತಾಯಿತು. ನಾಲ್ಕು ವಾರ ಕೊಟ್ಟು ನಿಲ್ಲಿಸಿದ ಮೇಲೆ ಆ ವೇಗ ಮತ್ತೆ ತಗ್ಗಿತು ಅನ್ನುವುದನ್ನೂ ಬಿಡದೆ ಹೇಳಿ.

ಪ್ರಶ್ನೆ: ನಮ್ಮ ಭಾವನಿಗೆ ತಲೆಗೆ ಪೆಟ್ಟಾಗಿ ವೆಂಟಿಲೇಟರ್ ಹಾಕಿದಾಗ ಮೊದಲ ದಿನವೇ ಸೆಫ್ಟ್ರಿಯಾಕ್ಸೋನ್ ಅನ್ನೋ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಗಾಯ ಇರಲಿಲ್ಲ, ಜ್ವರವೂ ಇರಲಿಲ್ಲ. ಸುಮ್ನೆ ಬಿಲ್ಲಿಗೆ ಅಂತ ಹಾಕಿದ್ದಾ, ಅಥವಾ ಅದೂ ಮಿದುಳಿಗಾ?
– ಓದುಗರು, ರಾಣೆಬೆನ್ನೂರು

ಉತ್ತರ: ಮಿದುಳಿಗಲ್ಲ, ಶ್ವಾಸಕೋಶಕ್ಕೆ. ಪ್ರಜ್ಞೆ ಇಲ್ಲದವರು ಬಾಯಿಯ ಜೊಲ್ಲು, ವಾಂತಿಯನ್ನು ಉಸಿರಿನ ಕೊಳವೆಗೆ ಎಳೆದುಕೊಳ್ಳುತ್ತಾರೆ. ಅವರಿಗೆ ಮೊದಲ ವಾರದಲ್ಲೇ ನ್ಯುಮೋನಿಯಾ ಬರುವುದು ಜಾಸ್ತಿ. ಫ್ರಾನ್ಸಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿದುಳಿಗೆ ಹಾನಿಯಾಗಿ ವೆಂಟಿಲೇಟರ್ ಮೇಲಿದ್ದವರಿಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ಒಂದೇ ಒಂದು ಸಲ ಕೊಟ್ಟಾಗ ಈ ನ್ಯುಮೋನಿಯಾ ಗಣನೀಯವಾಗಿ ಇಳಿಯಿತು. ಒಂದೇ ಸಲ ಅನ್ನುವುದಕ್ಕೆ ಗೆರೆ ಹಾಕಿಕೊಳ್ಳಿ. ಕಾರಣವಿಲ್ಲದೆ ಹತ್ತು ದಿನ ಕೊಟ್ಟಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಡಾಕ್ಟರಮ್ಮ, ನನ್ನ ಅಪ್ಪ ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಯಿತು. ಆಸ್ಪತ್ರೆಗೆ ಹೋದ ಕೂಡಲೇ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಆ ಹೆಸರಿನ ಮಾತ್ರೆಯನ್ನು ನಾನು ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆ ಅಂತ ತಗೊಳ್ಳುತ್ತಿದ್ದೆ! ಅಪ್ಪ ಈಗ ಆರಾಮಾಗಿದ್ದಾರೆ. ಆದರೂ ಕೇಳೋಣ ಅನ್ನಿಸಿತು.
– ಟೀಚರ್, ಪುತ್ತೂರು

ಉತ್ತರ: ಎರಡೂ ಒಂದೇ ಔಷಧಿ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೊಸುಕೆ ಸೇರಿ 1962ರಲ್ಲಿ ಕಂಡುಹಿಡಿದದ್ದು. ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ಹಿಡಿದಿಡುತ್ತದೆ, ಮುಟ್ಟಿನಲ್ಲೂ ಅಷ್ಟೆ, ತಲೆಯೊಳಗೂ ಅಷ್ಟೆ. 2019ರಲ್ಲಿ ಕ್ರ್ಯಾಶ್-3 ಪರೀಕ್ಷೆಯಲ್ಲಿ 12,737 ತಲೆಪೆಟ್ಟಿನ ರೋಗಿಗಳಲ್ಲಿ ನೋಡಿದರು. ಎಲ್ಲರಿಗೂ ಉಪಯೋಗ ಆಯಿತು ಅಂತ ಹೇಳಲು ಆಗಲಿಲ್ಲ. ಪೆಟ್ಟು ತೀರಾ ಜೋರಿಲ್ಲದೆ, ಮೂರು ಗಂಟೆಯೊಳಗೆ ಇಂಜೆಕ್ಷನ್ ಸಿಕ್ಕವರಲ್ಲಿ ಸಾವು ಕಡಿಮೆಯಾಯಿತು. ಪ್ರಜ್ಞೆ ಪೂರ್ತಿ ತಪ್ಪಿ, ಕಣ್ಣಪಾಪೆಗಳು ಬೆಳಕಿಗೆ ಕುಗ್ಗದ ಸ್ಥಿತಿಯಲ್ಲಿ ಬಂದವರಿಗೆ ಅದು ಏನೂ ಮಾಡಲಿಲ್ಲ. ಹಳೇ ಔಷಧಿ ಹೊಸ ಕೆಲಸಕ್ಕೆ ಬಂದದ್ದಕ್ಕೆ ನಮ್ಮ ವಿಭಾಗದಲ್ಲಿ ಸದ್ಯ ಇರುವ ಗಟ್ಟಿ ಉದಾಹರಣೆ ಇದು. ಬೆಲೆಯೂ ಕೈಗೆಟಕುವಂಥದ್ದು.

ನಿಮ್ಮ ಕಡೆ ಮರದಿಂದ ಬೀಳುವುದು ಮಳೆಗಾಲದಲ್ಲಿ ಇದ್ದದ್ದೇ, ಹಾಗಾಗಿ ಎರಡು ಮಾತು ಹೆಚ್ಚಿಗೆ. ಯಾರಾದರೂ ಬಿದ್ದರೆ ಎಷ್ಟು ಹೊತ್ತಿಗೆ ಬಿದ್ದರು ಅನ್ನುವುದನ್ನು ಕೂಡಲೇ ಮೊಬೈಲಿನಲ್ಲಿ ಬರೆದಿಡಿ. ‘ಮಧ್ಯಾಹ್ನ ಊಟ ಆದಮೇಲೆ’ ಅಂದರೆ ಮೂರು ಗಂಟೆಯ ಲೆಕ್ಕ ಹಾಕಲು ನಮಗೆ ಬರುವುದಿಲ್ಲ. ಪ್ರಜ್ಞೆ ಮಂದ ಇದ್ದರೆ ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆ ಅಲುಗದಂತೆ ಹಿಡಿದು ಮಲಗಿಸಿ, 108ಕ್ಕೆ ಫೋನ್ ಮಾಡಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಾದರೆ ಆ ಸ್ಟ್ರಿಪ್ಪನ್ನೇ ಜೇಬಿಗೆ ಹಾಕಿಕೊಂಡು ಬನ್ನಿ.